ಡೆಸ್ಕ್‌ಟಾಪ್ ನೋಡುವ ಶಾಸ್ತ್ರ

ಪರದೆ ಬೆಳಗಿದ ಕೂಡಲೇ ದೇವರಾಜು ಮುಖ ಸಿಂಡರಿಸಿಕೊಂಡು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಗುಲಾಬಿ. ಪರದೆಯಷ್ಟೂ ಗುಲಾಬಿ. ಅದರ ಮೇಲೆ ಮಿಣಮಿಣ ಮಿನುಗುವ ಹೃದಯಗಳು, ಕಣ್ಣು ಹೊಡೆಯುವ ಬೆಕ್ಕಿನ ಮರಿ, ಬಾಲ ಅಲ್ಲಾಡಿಸುವ ಬಾಣ. ಮೌಸ್ ಒತ್ತಿದರೆ ಸಾಕು, ಯಾವುದೋ ಮಗು ಕಿಲಕಿಲ ನಗುತ್ತಿತ್ತು.

"ಥೂ! ಮಾವ, ಈ ಹೆಣ್ಣೂ ಬ್ಯಾಡ."

ಸೋದರಮಾವ ಬೋರಲಿಂಗಯ್ಯ ಬಾಯಿಗಿಟ್ಟ ಟೀ ಲೋಟವನ್ನು ಕೆಳಗಿಳಿಸಿದ. ಇದು ಐದನೆಯ ಹೆಣ್ಣು. ಹುಡುಗನಿಗೆ ಮೂವತ್ತಮೂರು ತುಂಬಿತ್ತು.

"ಲೇ, ಇದನ್ನೂ ಬುಟ್ರೆ ನಾನಿನ್ನು ನಿಂಗೆ ಹೆಣ್ಣು ಹುಡ್ಕಾಕೆ ಬರಾಕಿಲ್ಲ ಕಣ್ಲಾ. ಒಸಿ ಸರಿಯಾಗಿ ನೋಡು."

ರಾಮನಗರದ ಬಸ್ ಸ್ಟ್ಯಾಂಡ್ ಹಿಂದಿನ ಮಹಡಿಯಲ್ಲಿ ದೇವರಾಜುವಿನ ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿ ಬಿಡಿಭಾಗಗಳಿಗೆ ಬರವಿದ್ದರೂ ಅಭಿಪ್ರಾಯಗಳಿಗೆ ಇರಲಿಲ್ಲ. ಹೊಸದಾಗಿ ಬಂದ ವಿಸ್ಟಾ ತಂತ್ರಾಂಶ ಅವನಿಗೆ ಮದುವೆಮನೆಯ ಶಾಮಿಯಾನ. ಲಿನಕ್ಸ್ ಎಂದರೆ ಕೆಲಸವಿಲ್ಲದವರ ಭಜನೆ. ಕ್ಯಾಮೆರಾ ಮೊಬೈಲು ಮನೆಹಾಳು. ಮನುಷ್ಯನಾದವನು ಅದಕ್ಕೂ ಹಿಂದಿನ ಎಕ್ಸ್‌ಪಿ ಹಾಕಿಕೊಂಡು, ಅದನ್ನೂ ಹಳೇ ಬೂದು ಬಣ್ಣಕ್ಕೆ ಇಳಿಸಿ, ಐದೇ ಐದು ಐಕಾನ್ ಇಟ್ಟುಕೊಂಡು ಬಾಳಬೇಕು ಎನ್ನುತ್ತಿದ್ದ.

ಹೆಣ್ಣು ನೋಡುವುದಕ್ಕೂ ಅದೇ ಅಳತೆ. ಜಾತಕ ಕೂಡಿ, ಉಪ್ಪಿಟ್ಟು ಕೇಸರಿಬಾತು ಮುಗಿಸಿ ಏಳುವಾಗ, "ಮನೇಲಿ ಕಂಪ್ಯೂಟರ್ ಐತಲ್ಲ, ಅಂಗಡಿಗೆ ಕಳ್ಸಿ, ಸರ್ವೀಸ್ ಮಾಡ್ಕೊಡ್ತೀನಿ" ಎನ್ನುವನು. ಅಳಿಯನಾಗುವವನು ಕೇಳಿದರೆ ಇಲ್ಲವೆನ್ನುವುದುಂಟೇ? ಹೆಣ್ಣಿನ ಅಪ್ಪ ಡಬ್ಬವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತುವನು. ಇವನು ಧೂಳು ಹೊಡೆಯುವುದು ಕಡೆಗೆ. ಮೊದಲು ಫೋಟೊ, ಆಮೇಲೆ ಕಾಗದ, ಆಮೇಲೆ ಚಾಟು, ಒಂದೊಂದನ್ನೂ ತೆರೆದು ಓದುವನು.

ಮೊದಲ ಹೆಣ್ಣು ಕನಕಪುರದ ರಾಧಾಮಣಿ. ಅವಳ ಡೆಸ್ಕ್‌ಟಾಪು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಗೆಳತಿಗೆ ಟೈಪು ಮಾಡಿದ್ದ ಕಾಗದವೊಂದು ಸಿಕ್ಕಿತು: "ಮಾತೆತ್ತಿದರೆ ಎಕ್ಸ್‌ಪಿ ಅಂತಾನೆ ಕಣೆ. ಹಲ್ಲೂ ಒಸಿ ಮುಂದೆ." ದೇವರಾಜು ಅದನ್ನು ಪ್ರಿಂಟ್ ತೆಗೆದು, ಮಡಿಸಿ, ಅವಳ ಅಪ್ಪನ ಕೈಗೇ ಕೊಟ್ಟು ಕಳಿಸಿದ. ಅಂಗಡಿಗೆ ಬಂದವರಿಗೆಲ್ಲ ತಿಂಗಳುಗಟ್ಟಲೆ ಓದಿ ಹೇಳಿದ. ಇಂಥ ಹೇಸಿಗೆ ಕೆಲಸವನ್ನು ಅವನು ಮುಂಜಾಗ್ರತೆ ಎಂದು ಕರೆಯುತ್ತಿದ್ದ.

ಆಮೇಲೆ ಸೋಲೂರು, ಚನ್ನಪಟ್ಟಣ, ಕೈಲಾಂಚ. ಮೂರು ಕಡೆಯೂ ಇದೇ ಗುಲಾಬಿ, ಇದೇ ಬೆಕ್ಕು, ಇದೇ ಕಿಲಕಿಲ.

"ಎಲ್ಲಾ ಹೆಣ್ಣೂ ಒಂದೇ ಅಚ್ಚು ಮಾವ," ಎಂದ ದೇವರಾಜು. ಆದರೆ ಈ ಸಲ ಪರದೆ ಆರಿಸಲು ಮನಸ್ಸು ಬರಲಿಲ್ಲ.

ಯಾಕೆಂದರೆ ಬೈರಮಂಗಲದ ಸೌಮ್ಯ ಅವನಿಗೆ ನಿಜಕ್ಕೂ ಹಿಡಿಸಿದ್ದಳು. ಬಿಡದಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ. ಮಾತು ಕಡಿಮೆ. ಅವಳ ಅಪ್ಪ ಬೈರಪ್ಪ ಆಗಲೇ ಮಾತು ಕೊಟ್ಟಾಗಿತ್ತು. ಗಂಡು ಹೂಂ ಅಂದರೆ ಆಯಿತು, ಹೆಣ್ಣಿನ ಒಪ್ಪಿಗೆ ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಅವಳು ಬಾಗಿಲ ಬಳಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದ್ದಳು.

"ಒಳಗಿರೋದನ್ನ ಎಲ್ಲಾನೂ ನೋಡ್ತೀರಂತೆ?"

"ಒಂದೂ ಬುಡಾಕಿಲ್ಲ," ಎಂದಿದ್ದ ಇವನು ಹೆಮ್ಮೆಯಿಂದ.

"ಹಂಗಾದ್ರೆ ಇವತ್ತೇ ಬ್ಯಾಡ. ಭಾನುವಾರ ಕಳೀಲಿ, ಸೋಮವಾರ ಅಪ್ಪ ತತ್ತಾರೆ."

ಎಂಥ ನಾಚಿಕೆಯ ಹುಡುಗಿ ಎಂದುಕೊಂಡು ಬೈಕಿನಲ್ಲಿ ಬರುವಾಗ ಇವನು ಹಾಡಿಕೊಂಡಿದ್ದ. ಈಗ ಅವಳನ್ನು ಉಳಿಸಿಕೊಳ್ಳಲು ಒಂದು ನೆಪ ಸಿಕ್ಕೀತೇ ಎಂದು ಡಬ್ಬವನ್ನೆಲ್ಲ ತಡಕಾಡಿದ. ಕಾಗದವಿಲ್ಲ. ಫೋಟೊ ಇಲ್ಲ. ಎರಡು ವರ್ಷದ ಯಂತ್ರದಲ್ಲಿ ಒಂದು ಸಾಲು ಟೈಪು ಮಾಡಿದ ಗುರುತಿಲ್ಲ. ಇದ್ದದ್ದು ಬೆಕ್ಕು, ಹೃದಯ, ಹದಿನಾಲ್ಕು ಬಗೆಯ ಗಡಿಯಾರ, ಅಷ್ಟನ್ನೂ ಭಾನುವಾರ ಒಂದೇ ಮಧ್ಯಾಹ್ನ ತುಂಬಿದ್ದಳು. ಗಂಡಿನ ಕಣ್ಣಿಗೆ ಬೀಳಲೆಂದು ಸಿಂಗರಿಸಿದ್ದಾಳೆ ಎನಿಸಿ ಅವನು ಪರದೆ ಆರಿಸಿಬಿಟ್ಟ.

"ತಲೇನೂ ಖಾಲಿ, ಡಬ್ಬಾನೂ ಖಾಲಿ. ಇಂಥವಳ ಜೊತೆ ಹೆಂಗ್ ಬಾಳ್ವೆ ಮಾಡ್ಲಿ ಮಾವ? ಬ್ಯಾಡ ಅಂತ ಹೇಳ್ಬುಡು."

ಬೋರಲಿಂಗಯ್ಯ ಹಾಳಾಗಿ ಹೋಗು ಎಂದು ಬೈದು ಫೋನು ಮಾಡಿದ. ಸಂಜೆ ಬೈರಪ್ಪ ಬಂದ. ಗೋಣಿಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ದೇವರಾಜು ಅವನ ಬೆನ್ನನ್ನೇ ನೋಡುತ್ತ ನಿಂತಿದ್ದ. ಕರೆಯಬೇಕೆನಿಸಿತು, ಬೆಕ್ಕು ನೆನಪಾಯಿತು, ಕರೆಯಲಿಲ್ಲ.

ಬೈರಮಂಗಲದಲ್ಲಿ ಸೌಮ್ಯಳ ತಾಯಿ ಶಿವಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಗಂಡೇ ಬ್ಯಾಡ ಅಂದ್ಮೇಲೆ ನಾವೇನ್ ಮಾಡಾಕಾಯ್ತದೆ ಮಗ. ಮುಂದೆ ಮಾಗಡಿ ಹೆಣ್ಣು ನೋಡ್ತಾರಂತೆ. ನೀನು ಮನಸ್ಸಿಗೆ ಹಚ್ಕಬ್ಯಾಡ."

ಸೌಮ್ಯ ತಲೆ ತಗ್ಗಿಸಿಕೊಂಡೇ ಡಬ್ಬವನ್ನು ಒಳಕೋಣೆಗೆ ಒಯ್ದು ಬಾಗಿಲು ಮುಂದೆ ಮಾಡಿದಳು. ಭಾನುವಾರ ಬಳಸಿ ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟಿದ್ದ ಸಿಡಿಯೊಂದನ್ನು ಈಚೆಗೆ ತೆಗೆದು, ಪೆನ್ನು ಹುಡುಕಿ, ಮಂಚದ ಮೇಲೆ ಕೂತಳು.

ಸಿಡಿಯ ಮೇಲೆ ಕನಕಪುರದ ರಾಧಾಮಣಿಯ ದುಂಡು ಅಕ್ಷರದಲ್ಲಿ 'ದೃಷ್ಟಿಬೊಟ್ಟು' ಎಂದಿತ್ತು. ಅದರ ಕೆಳಗೆ ಸೋಲೂರು, ಚನ್ನಪಟ್ಟಣ, ಕೈಲಾಂಚ ಎಂದು ಬರೆದು ಒಂದೊಂದನ್ನೇ ಹೊಡೆದುಹಾಕಿದ್ದರು. ಸೌಮ್ಯ ಕೊನೆಯಲ್ಲಿದ್ದ ಬೈರಮಂಗಲಕ್ಕೂ ಅಡ್ಡಗೆರೆ ಎಳೆದು, ಕೆಳಗೆ ಮಾಗಡಿ ಎಂದು ಬರೆದಳು.