ಎರಡು ಮನೆಯ ಗುಂಡಿ

ಮೂರನೆಯ ದಿನವೂ ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಗಂಗರತ್ನಮ್ಮನ ಕಕ್ಕಸಿನಲ್ಲಿ ಗುಳುಗುಳು ಶಬ್ದವೆದ್ದಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲು ತಳ್ಳಿದಳು. ಬೇಸಿನ್ನಿನೊಳಗಿಂದ ಕಪ್ಪು ನೀರು ಉಕ್ಕಿ, ಬೆಳಿಗ್ಗೆಯಷ್ಟೇ ಫಿನಾಯಿಲು ಹಾಕಿ ತೊಳೆದಿದ್ದ ನೆಲದ ಮೇಲೆ ಹರಡುತ್ತಿತ್ತು. ಗೋಡೆಯಾಚೆ, ಓರಗಿತ್ತಿ ಅಶ್ವತ್ಥಮ್ಮನ ಕಕ್ಕಸಿನಲ್ಲಿ, ಯಾರೋ ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿಯುತ್ತಿದ್ದರು.

ಯಾರು? ಅಶ್ವತ್ಥಮ್ಮ ಆಸ್ಪತ್ರೆಯೊಂದರಲ್ಲಿ ಆಯಾ. ಸಂಜೆಗೆ ಮುಂಚೆ ಬರುವುದಿಲ್ಲ. ಅವಳ ಗಂಡ ಕೋದಂಡಪ್ಪ ಬೆಳಗಿನ ರೈಲಿಗೆ ಗಣಿ ಕೆಲಸಕ್ಕೆಂದು ಮೈಸೂರು ಮೈನ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬಂಗಾರಪೇಟೆಗೆ ವಾಪಸು. ಹಗಲು ಆ ಮನೆಯಲ್ಲಿ ಇರುವವಳು ಅತ್ತೆ ಮುತ್ಯಾಲಮ್ಮ ಒಬ್ಬಳೇ. ಅವಳಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಅಣ್ಣತಮ್ಮಂದಿರ ಮನೆ ಭಾಗವಾದ ದಿನ ಈ ಅತ್ತೆ ನಾಲ್ಕು ಜನರೆದುರು, ದೊಡ್ಡ ಸೊಸೆ ಕೈಯ ಗಂಜಿಗಿಂತ ಉಪವಾಸವೇ ಮೇಲು ಎಂದು ಹೇಳಿ ಚಿಕ್ಕವಳ ಪಾಲಿಗೆ ಹೋಗಿದ್ದಳು. ಅಂದಿನಿಂದ ಗಂಗರತ್ನಮ್ಮ ಆ ಹೊಸ್ತಿಲು ತುಳಿದವಳಲ್ಲ. ಅತ್ತೆ ಹಾಸಿಗೆ ಹಿಡಿದಾಗಲೂ ತುಳಿಯಲಿಲ್ಲ. ನಡುವೆ ಗೋಡೆ ಎದ್ದರೂ ಹಿತ್ತಲಿನ ಸೆಪ್ಟಿಕ್ ಟ್ಯಾಂಕು ಮಾತ್ರ ಎರಡು ಮನೆಗೂ ಒಂದೇ ಉಳಿದಿತ್ತು.

ಇದು ಅಶ್ವತ್ಥಮ್ಮನದೇ ಹುನ್ನಾರ. ತಾನು ಮನೆಯಲ್ಲಿಲ್ಲದ ಹೊತ್ತು ನೋಡಿ, ಯಾರನ್ನೋ ಗೊತ್ತು ಮಾಡಿ ನೀರು ಸುರಿಸುತ್ತಿದ್ದಾಳೆ ಎಂದು ಗಂಗರತ್ನಮ್ಮ ತೀರ್ಮಾನಿಸಿದಳು. ರಾತ್ರಿ ಗಂಡ ರಾಮಚಂದ್ರಪ್ಪನ ಮುಂದೆ ಹೇಳಿಯೂ ಹೇಳಿದಳು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಅವನು ಮುದ್ದೆಯ ತಟ್ಟೆಯಿಂದ ತಲೆಯೆತ್ತದೆ, ಪೈಪು ಹಳೆಯದಾಗಿರಬೇಕು ಎಂದಷ್ಟೇ ಅಂದ. ಅವನು ತಲೆಯೆತ್ತದೆ ಇದ್ದದ್ದೂ ಅವಳಿಗೆ ಸರಿಯೆನಿಸಲಿಲ್ಲ.

ಮರುದಿನ ಅವನಿಗೆ ತಿಳಿಸದೆ ಉರಿಗಾಂನಿಂದ ಪೆರುಮಾಳ್‌ನನ್ನು ಕರೆಸಿದಳು. ಮೂವತ್ತು ವರ್ಷ ಗಣಿಯ ಪಂಪುಗಳ ಜೊತೆಗೇ ಬದುಕಿ ನಿವೃತ್ತನಾದ ಮನುಷ್ಯ. ಅವನು ಟ್ಯಾಂಕಿನ ಚಪ್ಪಡಿ ಸರಿಸಿ ಬಗ್ಗಿ ನೋಡಿದ. ನಿಮ್ಮ ಮನೆ ತಗ್ಗು, ಅವರದು ಒಂದು ಗೇಣು ಎತ್ತರ, ಟ್ಯಾಂಕು ತುಂಬಿದರೆ ನೀರು ನಿಮ್ಮ ಕಡೆಗೇ ತಿರುಗುತ್ತದೆ ಎಂದು ವಿವರಿಸಿದ. ಚೀಲದಿಂದ ಕಬ್ಬಿಣದ ಒಂದು ತುಂಡು ತೆಗೆದ. ಅದರೊಳಗೆ ತೂಗುವ ಮುಚ್ಚಳವಿತ್ತು. ಅವಳ ಮನೆಯ ಪೈಪಿಗೆ ಕೂರಿಸಿದರೆ ಒಳಗಿನಿಂದ ಹೋಗುವ ನೀರು ಅದನ್ನು ತಳ್ಳಿಕೊಂಡು ಹೋಗುತ್ತದೆ. ಹಿಂದಕ್ಕೆ ಬರುವ ನೀರಿಗೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

“ಆಮೇಲೆ ಅವ್ರು ಸುರಿಯೋ ನೀರು ಎಲ್ಲಿಗೋಯ್ತದೆ?”

“ಅವರ ಮನೇಲೇ ಏಳ್ತದೆ ಅಮ್ಮಾ. ತುಂಬಿದ್ದು ಎಲ್ಲಾದ್ರೂ ಒಂದ್ಕಡೆ ಏಳಲೇಬೇಕು.”

“ಏಳ್ಲಿ. ಆಕು.”

ಪೆರುಮಾಳ್ ಒಂದು ಕ್ಷಣ ಅವಳ ಮುಖ ನೋಡಿ ಮತ್ತೆ ಬಗ್ಗಿದ. ಟ್ಯಾಂಕಿನಿಂದ ಇಂಗುಗುಂಡಿಗೆ ಹೋಗುವ ಪೈಪಿನ ಬಾಯಿಗೆ ಕೊಕ್ಕೆ ಹಾಕಿ ಎಳೆದ. ಉದ್ದನೆಯ ಬಟ್ಟೆಯ ಚೂರೊಂದು ಬಂತು. ಹಿಂದೆಯೇ ಇನ್ನೊಂದು. ಟ್ಯಾಂಕು ಕಟ್ಟಿಕೊಂಡದ್ದು ಇದರಿಂದಲೇ ಎಂದು ಕೋಲಿನ ತುದಿಯಲ್ಲಿ ಎತ್ತಿ, ಮೇಲೆ ಒಂದು ಚೊಂಬು ನೀರು ಹಾಕಿದ. ಹಸಿರು ಮೈ, ಸಾಸಿವೆ ಬಣ್ಣದ ಅಂಚು.

ಗಂಗರತ್ನಮ್ಮ ಬಗ್ಗಿ ಅಂಚನ್ನು ನೋಡಿದಳು. ಅದು ಅವಳದೇ ಸೀರೆ. ಶೆಡ್ಡಿನಲ್ಲಿ ಒರೆಸುವುದಕ್ಕೆ ಬೇಕು ಎಂದು ಗಂಡ ಅವಳಿಂದ ಹಳೆಯ ಸೀರೆಗಳನ್ನು ಇಸಿದುಕೊಂಡು ಹೋಗಿದ್ದ. ಅದು ಅಶ್ವತ್ಥಮ್ಮನ ಮನೆ ಸೇರಿದ್ದು ಹೇಗೆ? ಅವನು ಅವಳಿಗೆ ಯಾಕೆ ಕೊಟ್ಟ? ಇನ್ನೂ ಏನೇನು ಕೊಟ್ಟಿದ್ದಾನೆ? ಮೊನ್ನೆಯಿಂದ ನೀರಿನ ಸುತ್ತ ಸುತ್ತುತ್ತಿದ್ದ ಅನುಮಾನ ಈಗ ಗಂಡನ ಮೇಲೆ ತಿರುಗಿತು. ಅಷ್ಟರಲ್ಲಿ ಗೋಡೆಯಾಚೆ ನೀರು ಸುರಿಯುವ ಸದ್ದು ಶುರುವಾಯಿತು.

ಬಟ್ಟೆಯಿದ್ದ ಕೋಲನ್ನು ಪೆರುಮಾಳ್ ಕೈಯಿಂದ ಕಿತ್ತುಕೊಂಡು ಸಂದಿಯಲ್ಲಿ ಸುತ್ತಿ ಹೋದಳು. ಅಶ್ವತ್ಥಮ್ಮನ ಹಿತ್ತಲ ಬಾಗಿಲು ತೆರೆದೇ ಇತ್ತು.

ಒಳಗೆ ರಾಮಚಂದ್ರಪ್ಪ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಬನಿಯನ್ನಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಅವಳ ಹಳೆಯ ಸೀರೆಗಳನ್ನು ಹರಿದು ಮಾಡಿದ ಹೊಲಸು ಚೂರುಗಳನ್ನು ಒಂದೊಂದಾಗಿ ಹಿಂಡಿ, ಆ ನೀರನ್ನು ಕಕ್ಕಸಿಗೆ ಸುರಿಯುತ್ತಿದ್ದ; ನೀರಿನ ಜೊತೆ ಒಂದು ಚೂರೂ ಜಾರಿಹೋಯಿತು. ಪಕ್ಕದ ಕೋಣೆಯ ಮಂಚದ ಮೇಲೆ ಮುತ್ಯಾಲಮ್ಮ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಬೆನ್ನ ಮೇಲಿನ ಹುಣ್ಣುಗಳು ಬಾಗಿಲಿನಿಂದಲೇ ಕಾಣುತ್ತಿದ್ದವು.

ಹೆಂಡತಿಯನ್ನು ನೋಡಿ ಅವನು ಏಳಲಿಲ್ಲ. ಬಟ್ಟೆ ಹಿಂಡುತ್ತಲೇ ಹೇಳಿದ:

“ಬೆಳಿಗ್ಗೆ ಸಾಯಂಕಾಲ ಅಶ್ವತ್ಥಮ್ಮ ನೋಡ್ಕೊಂತಾಳೆ. ಮಧ್ಯಾನಕ್ಕೆ ಯಾರೂ ಇಲ್ಲ, ಊಟದ ಟೈಮಲ್ಲಿ ಬತ್ತೀನಿ. ತಿಳಿಸಿದ್ರೆ ನೀನು ಒಪ್ಪಲ್ಲ ಅಂತ ತಿಳಿಸ್ಲಿಲ್ಲ.”

ಗಂಗರತ್ನಮ್ಮ ಎತ್ತಿ ಹಿಡಿದಿದ್ದ ಕೋಲನ್ನು ಕೆಳಗಿಳಿಸಿದಳು. ಒಪ್ಪುತ್ತಿದ್ದೆ ಎನ್ನಲು ಹೋದಳು. ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು. ಗೋಡೆಯಾಚೆಯಿಂದ ಪೆರುಮಾಳ್, ಮುಚ್ಚಳ ಕೂರಿಸಲೇ ಎಂದು ಕೂಗಿ ಕೇಳಿದ.

“ಈಗ ಬ್ಯಾಡ,” ಎಂದಳು ಗಂಗರತ್ನಮ್ಮ. “ಮೊದ್ಲು ಆ ಪೈಪು ಬಿಡಿಸು. ಎರಡು ಮನೇದೂ ಓಗ್ಲಿ.”

ಕೋಲನ್ನು ಮೂಲೆಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಒಲೆಯ ಮೇಲೆ ಕಾದಿದ್ದ ನೀರನ್ನು ಬಕೆಟ್ಟಿಗೆ ತೋಡಿಕೊಂಡು ಮಂಚದ ಹತ್ತಿರ ಹೋದಳು. ಬಳೆಯ ಸದ್ದಿಗೆ ಮುದುಕಿ ಕಷ್ಟಪಟ್ಟು ಕತ್ತು ಹೊರಳಿಸಿದಳು. ಕಣ್ಣು ಕಿರಿದು ಮಾಡಿ ನೋಡಿದಳು, ತಾನು ಗಂಜಿ ಬೇಡವೆಂದಿದ್ದ ಸೊಸೆಯ ಗುರುತು ಹಿಡಿದಳು. ಸ್ವಾಧೀನವಿದ್ದ ಒಂದು ಕೈ ಹೊದಿಕೆಯ ಅಂಚಿಗಾಗಿ ತಡಕಾಡಿತು. ಬತ್ತಲೆ ಮೈ ಹಾಗೇ ಇತ್ತು. ಮುತ್ಯಾಲಮ್ಮ ಹೊದಿಕೆ ಎಳೆದು ಮುಖ ಮಾತ್ರ ಮುಚ್ಚಿಕೊಂಡಳು.