ಬಾಣ ಇಟ್ಟರೆ ಕಾಣುವ ಸಾಲು

ಹಲ್ಲು ಕಿತ್ತು, ಹತ್ತಿ ಕಚ್ಚಿಸಿ, ಡಾಕ್ಟರು ಕೈಗವಸು ಕಳಚುತ್ತಿದ್ದರು. ಕುರ್ಚಿಯಲ್ಲಿದ್ದ ವಿಮಾ ಕಚೇರಿಯ ಮೇಡಂ ಹತ್ತಿಯ ಸಂದಿಯಿಂದಲೇ ಕಿಸಕ್ಕನೆ ನಕ್ಕರು. ಈ ವಾರ ಬಂದವರೆಲ್ಲ ಹೀಗೇ, ಮುಖ ನೋಡುತ್ತಲೇ ನಗು. ಕನ್ನಡಿ ನೋಡಿಕೊಂಡು ನೋಡಿಕೊಂಡು ಡಾಕ್ಟರಿಗೆ ಸಾಕಾಗಿತ್ತು.

“ನನ್ನ ಮುಖದ ಮೇಲೆ ಏನಾದ್ರೂ ಇದೆಯಾ ಮೇಡಂ?”

“ಇಲ್ಲ ಡಾಕ್ಟ್ರೇ. ಸೂಜಿ ಚುಚ್ಚೋವಾಗ ನೀವೂ ಕಣ್ಣು ಮುಚ್ಚಿಕೊಳ್ತೀರಂತಲ್ಲ, ಅದನ್ನೇ ಕಾಯ್ತಿದ್ದೆ. ಮುಚ್ಚಲೇ ಇಲ್ಲ. ಸ್ವಲ್ಪ ನಿರಾಸೆ ಆಯ್ತು.” ಮರಗಟ್ಟಿದ ತುಟಿಯಿಂದ ಮಾತು ಜಾರಿ ಜಾರಿ ಬರುತ್ತಿತ್ತು.

“ಯಾರು ಹಾಗಂದಿದ್ದು?”

“ನಿಮ್ಮ ವೆಬ್‌ಸೈಟೇ.”

ವೆಬ್‌ಸೈಟ್ ಮಾಡಿದವಳು ತಂಗಿ. ಹೊರಗಿನ ಮೇಜಿನ ಹಿಂದೆ ಕೂತು ಫೋನು ಎತ್ತುವವಳೂ, ರೋಗಿಗಳನ್ನು ಒಳಗೆ ಕಳಿಸುವವಳೂ ಅವಳೇ. ಡಾಕ್ಟರು ಅದನ್ನು ಫೋನಿನಲ್ಲಿ ಅಕ್ಷರ ಬಿಡದೆ ಓದಿ ಒಪ್ಪಿದ್ದರು. ಕಣ್ಣಿನ ಸುದ್ದಿ ಎಲ್ಲೂ ಇರಲಿಲ್ಲ. ಮೇಡಂ ಎದ್ದು ಅವರನ್ನು ಹೊರಗಿನ ಕಂಪ್ಯೂಟರಿನ ಮುಂದೆ ಕೂರಿಸಿದರು. ತಂಗಿಗೆ ಇದ್ದಕ್ಕಿದ್ದಂತೆ ಮೂಲೆಯ ಗಿಡಕ್ಕೆ ನೀರು ಹಾಕುವ ನೆನಪಾಯಿತು. ಗಿಡ ಪ್ಲಾಸ್ಟಿಕ್ಕಿನದು.

“ಫೋನಲ್ಲಿ ಕಾಣಲ್ಲ ಡಾಕ್ಟ್ರೇ. ಇಲ್ಲಿ ಲಿಂಕಿನ ಮೇಲೆ ಮೌಸಿನ ಬಾಣ ಇಡಿ. ಒತ್ತಬೇಡಿ, ಸುಮ್ನೆ ಇರಿ.”

‘ನಮ್ಮ ವೈದ್ಯರು’ ಎಂಬಲ್ಲಿ ಬಾಣ ನಿಂತಿತು. ಪುಟ್ಟ ಚೌಕವೊಂದು ಮೂಡಿತು: ‘ಸಿಟ್ಟಾಗಿಲ್ಲ, ಮುಖವೇ ಹಾಗೆ.’ ‘ಹಲ್ಲು ಕೀಳುವುದು’ ಎಂಬಲ್ಲಿ: ‘ಸೂಜಿ ಚುಚ್ಚುವಾಗ ಅಣ್ಣನೂ ಕಣ್ಣು ಮುಚ್ಚುತ್ತಾನೆ. ನೀವೂ ಮುಚ್ಚಿ, ನಾಚಿಕೆ ಬೇಡ.’ ‘ಶುಲ್ಕ’ ಎಂಬಲ್ಲಿ: ‘ಕೂತುಕೊಂಡು ಓದಿ.’

“ಏನೇ ಇದು?”

“ಲಿಂಕಿನ ಬಗ್ಗೆ ಒಂದು ಮಾತು ಬರೆಯೋಕೆ ಅಂತಲೇ ಜಾಗ ಇರುತ್ತೆ ಅಣ್ಣ, ಟೈಟಲ್ ಅಂತ. ಖಾಲಿ ಬಿಡೋಕೆ ಮನಸ್ಸು ಬರಲಿಲ್ಲ.”

“ತೆಗಿ. ಎಲ್ಲಾನೂ. ಈಗಲೇ.”

“ತೆಗೀಬೇಡಿ,” ಮೇಡಂ ಹತ್ತಿ ಸರಿಪಡಿಸಿಕೊಂಡರು. “ಈ ಹಾಳು ಹಲ್ಲು ಇಟ್ಕೊಂಡು ಎಷ್ಟು ಕ್ಲಿನಿಕ್ಕಿನ ಮೆಟ್ಟಿಲಿಂದ ವಾಪಸ್ ಬಂದಿದ್ದೀನೋ. ಹೆದರೋ ಡಾಕ್ಟ್ರೂ ಒಬ್ರಿದ್ದಾರೆ ಅಂತ ಓದಿದ ಮೇಲೇ ನನಗೆ ಧೈರ್ಯ ಬಂದಿದ್ದು.”

ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಇರಲು ನೋಡಿದರು. ತುಟಿಯ ಒಂದು ತುದಿ ಮಾತು ಕೇಳಲಿಲ್ಲ. ನೋಡನೋಡುತ್ತ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಮೇಡಂ ಹತ್ತಿ ಜಾರದಂತೆ ಕೆನ್ನೆ ಒತ್ತಿಕೊಂಡು ನಕ್ಕರು. ತಂಗಿಯ ಕೈಯ ನೀರು ಅರ್ಧ ನೆಲಕ್ಕೆ ಹೋಯಿತು.

“ಇನ್ನೂ ಏನೇನು ಗೀಚಿದ್ದೀಯ ನೋಡ್ತೀನಿ,” ಎಂದು ಕಣ್ಣೊರೆಸಿಕೊಂಡು ಡಾಕ್ಟರು ಬಾಣವನ್ನು ಕೆಳಗೆಳೆದರು.

“ಅದೊಂದು ಬೇಡ ಅಣ್ಣ.”

ಬಾಣ ಆಗಲೇ ‘ಸಂಪರ್ಕಿಸಿ’ಯ ಮೇಲಿತ್ತು. ‘ಫೋನಿನಲ್ಲಿ ನನ್ನ ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಕ್ಷಮಿಸಿ. ತಿಂಗಳಿಂದ ದವಡೆ ನೋಯುತ್ತಿದೆ. ಅಣ್ಣನಿಗೆ ಹೇಳಬೇಡಿ.’

ಡಾಕ್ಟರು ತಿರುಗಿ ನೋಡಿದರು. ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಾಗಿಲಿನತ್ತ ಹಿಂದಡಿ ಇಡುತ್ತಿದ್ದಳು. ಅವರು ಮೊಣಕೈ ಹಿಡಿದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಸೂಜಿ ಕೈಗೆತ್ತಿಕೊಳ್ಳುವ ಮೊದಲು ಅಣ್ಣ ತಂಗಿ ಇಬ್ಬರೂ ಕಣ್ಣು ಮುಚ್ಚಿಕೊಂಡದ್ದು ತೆರೆದ ಬಾಗಿಲಿನಿಂದ ಮೇಡಂಗೆ ಕಂಡಿತು.

ಫೋನು ಬಡಿದುಕೊಂಡಿತು. ಮೇಡಂ ತಂಗಿಯ ಕುರ್ಚಿಯಲ್ಲಿ ಕೂತು ಎತ್ತಿದರು.

“ಹಲೋ, ಹಲ್ಲಿನ ಕ್ಲಿನಿಕ್. ಸ್ವಲ್ಪ ಹೊತ್ತು ಬಿಟ್ಟು ಮಾಡ್ತೀರಾ? ಒಳಗೆ ಹೆದರಿಕೊಂಡವರು ಇಬ್ಬರಿದ್ದಾರೆ.”