ನೆಲ ತಿಂದ ಏಟು

ರೇವಣಸಿದ್ದಪ್ಪನವರು ತಮ್ಮ ಪ್ಲಾಟಿನ ಮೂಲೆಗಲ್ಲಿಗೆ ತೆಂಗಿನಕಾಯಿ ಒಡೆದು ಕೈಮುಗಿದ ಮೇಲೆ ನಾವು ಮಣ್ಣು ಪರೀಕ್ಷೆಯ ಸುತ್ತಿಗೆ ಎತ್ತಿದೆವು. ಭೂಕಂಪದ ಸೀಮೆಯಲ್ಲಿ ಈ ಪರೀಕ್ಷೆಯಿಲ್ಲದೆ ಬುನಾದಿ ಹಾಕುವಂತಿಲ್ಲ. ಆದರೆ ಇಲ್ಲಿನ ನೆಲ ತಿಂದ ಏಟನ್ನು ತಿರುಗಿಸಿ ಕೊಡದೆ ಬಿಡುವುದಿಲ್ಲ. ಹನ್ನೆರಡು ಏಟು ಹಾಕಿ, ಎಲ್ಲರೂ ಕಂಬಗಳಿಗೆ ಹಗ್ಗದಿಂದ ಮೈ ಬಿಗಿದುಕೊಂಡು ಕಾದೆವು.

ನೆಲ ಒದೆಯತೊಡಗಿತು. ಟ್ರ್ಯಾಕ್ಟರ್ ಮಗುಚಿ ಬಿತ್ತು. ನನ್ನ ಹಲ್ಲು ಮುರಿದು ಬಾಯಿತುಂಬ ರಕ್ತವಾಯಿತು.

“ಹನ್ನೆರಡು! ಮುಗೀತ್ರಿ ಸಾವ್ಕಾರ್ರೆ, ಹಗ್ಗ ಬಿಚ್ರಿ,” ಎಂದು ನಮ್ಮ ಮೇಸ್ತ್ರಿ ಶರಣಮ್ಮ ಕೂಗಿದಳು.

“ಮೊದ್ಲ ಪ್ರಸಾದ ತಗೋರಿ,” ಎನ್ನುತ್ತ ರೇವಣಸಿದ್ದಪ್ಪನವರು ಹಗ್ಗ ಬಿಚ್ಚಿಕೊಂಡು, ಮೂಲೆಗಲ್ಲಿನ ಬಳಿ ಬಿದ್ದಿದ್ದ ಕಾಯಿಯ ಹೋಳು ಎತ್ತಲು ಬಗ್ಗಿದರು.

ಮೂಲೆಗಲ್ಲು ನೆಲದಿಂದ ಸಿಡಿದೆದ್ದು ಅವರ ತಲೆಯನ್ನು ಎರಡು ಹೋಳು ಮಾಡಿತು.

ಕಾಯಿ ಒಡೆದದ್ದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೆಲ ಹಿಡಿದಿತ್ತು.